ಮಾರೆಮ್ಮ ಬೀಗತಿಗೆ ಬೆಂಗಳೂರು ತೋರಿಸಿದ್ದು

ಕೂಡ್ಲಿಗಿ ಕಡೆಯ ಹೊಸಹಳ್ಳಿಯ ಮಾರೆಮ್ಮ ಅದಕ್ಕೂ ಮುಂಚೆ ಮೂರು ಸಲ ಬೆಂಗಳೂರಿಗೆ ಹೋಗಿಬಂದಿದ್ದಳು. ಮೂರು ಸಲವೂ ಏನೊಂದನ್ನೂ ನೋಡಿರಲಿಲ್ಲ. ಈ ಮಾತು ಅವಳ ಬಾಯಿಂದ ಬಂದಿದ್ದರೆ ನೀವು ಅನುಮಾನಪಡಬಹುದಿತ್ತು, ಇದು ನನ್ನ ಮಾತು, ನಂಬಿ. ಪಕ್ಷದ ಸಮಾವೇಶ ಅಂತ ಊರಿನ ಪುಢಾರಿ ಯರ್ರೆಪ್ಪ ಬಸ್ಸು ತುಂಬಿಸುವವನು, ಮಾರೆಮ್ಮನಂಥವರು ಹತ್ತುವವರು. ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ಒಂದು ದೊಡ್ಡ ಮೈದಾನ. ಶಾಮಿಯಾನದ ಹಿಂದಿನ ಸಾಲಿನಲ್ಲಿ ಕೂತು, ಮುಂದಿನವರು ಚಪ್ಪಾಳೆ ಹೊಡೆದಾಗ ತಾವೂ ಹೊಡೆದು, ಪೊಟ್ಟಣದ ಚಿತ್ರಾನ್ನ ತಿಂದು, ಟ್ಯಾಂಕರಿನ ನೀರು ಕುಡಿದು, ಸಂಜೆ ಐದಕ್ಕೆ ಮತ್ತೆ ಅದೇ ಬಸ್ಸು. ಮಾರೆಮ್ಮನ ಬೆಂಗಳೂರು ಅಂದರೆ ಅಷ್ಟೇ.

ಆದರೆ ಮೊದಲ ಸಲ ವಾಪಸು ಬಂದ ಮರುದಿನ ಶೇಂಗಾ ಹೊಲದಲ್ಲಿ ಕಳೆ ತೆಗೆಯುವಾಗ ಹೆಂಗಸರು "ಏನೇನು ನೋಡಿದೆವ್ವಾ, ಹೇಳು" ಎಂದು ಗಂಟುಬಿದ್ದರು. ಎಂಟು ಜನ, ಎಂಟೂ ಜನರ ಕಳೆ ಕೀಳುವ ಕುರುಪಿ ನಿಂತೇಬಿಟ್ಟವು. ಏನೂ ಇಲ್ಲ ಅನ್ನುವುದು ಹೇಗೆ? ಮಾರೆಮ್ಮನ ಬಾಯಿ ತನ್ನಷ್ಟಕ್ಕೆ ತಾನೇ ಹೊರಟಿತು. ಗಾಜಿನ ಮನೆ ಬಂತು, ಅದರೊಳಗೆ ಮಹಾರಾಜರು ಸಾಕಿದ ಹಾವು, ನವಿಲು ಬಂದವು. ನೆಲದೊಳಗೆ ಒಂದು ಊರೇ ಇದೆ, ಮೇಲೆ ಬಸ್ಸು ಓಡಿದರೆ ಕೆಳಗೆ ಸಂತೆ ನಡೆಯುತ್ತದೆ ಅಂತಲೂ ಬಂತು. ಬಸ್ಸಿನಲ್ಲಿ ಅವರಿವರು ಆಡಿದ ಮಾತಿಗೆ ತನ್ನದೂ ಒಂದಿಷ್ಟು ಉಪ್ಪುಖಾರ ಹಚ್ಚಿ, ಸತ್ಯದ ತಲೆಯ ಮೇಲೆ ಹೊಡೆದಂತೆ ಹೇಳಿದಳು. ಕೇಳುತ್ತ ಕೇಳುತ್ತ ಕುರುಪಿಗಳು ಮತ್ತೆ ಓಡತೊಡಗಿ, ಮಧ್ಯಾಹ್ನಕ್ಕೆ ಮುಗಿಯಬೇಕಾದ ಸಾಲು ಹನ್ನೊಂದಕ್ಕೇ ಮುಗಿಯಿತು. ಅವತ್ತಿನಿಂದ ಅವಳು ಬೆಂಗಳೂರು ಮಾರೆಮ್ಮ.

ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಅವಳ ಲೆಕ್ಕದಲ್ಲಿ ಖರೆ. ಎರಡನೇ ಸಲ ಬಸ್ಸು ಊರೊಳಗಿಂದ ಹೋಗುವಾಗ ಮುಂದೆ ಕೂತ ಯಾರೋ "ವಿಧಾನಸೌಧ! ವಿಧಾನಸೌಧ ನೋಡ್ರೋ!" ಎಂದು ಕೂಗಿದ. ಮಾರೆಮ್ಮ ತನ್ನ ಕಿಟಕಿಯಿಂದ ಕತ್ತು ಚಾಚಿದಳು. ಕೆಂಪನೆಯ ದೊಡ್ಡ ಕಟ್ಟಡ, ಸಾಲುಸಾಲು ಕಂಬ, ಸುತ್ತ ಮರ. ಕಣ್ಣಾರೆ ಕಂಡದ್ದು! ಹಾಗಾಗಿ ಹಾವು ನವಿಲನ್ನು ಸ್ವಲ್ಪ ಮೆಲ್ಲಗೆ ಹೇಳಿದರೂ ವಿಧಾನಸೌಧದ ಕೆಂಪು ಬಣ್ಣವನ್ನು ಎದೆ ತಟ್ಟಿ ಹೇಳುತ್ತಿದ್ದಳು.

ನಾಲ್ಕನೇ ಸಲ ಹೊರಟಿದ್ದು ಎರಡು ಸಾವಿರದ ಎರಡನೇ ಇಸವಿಯಲ್ಲಿ. ಆ ಸಲ ಅವಳ ಜೊತೆ ಬೀಗತಿ ಹುಲಿಗೆಮ್ಮ ಇದ್ದಳು. ಹುಲಿಗೆಮ್ಮ ಹಡಗಲಿಯವಳು, ಮಲ್ಲಿಗೆ ತೋಟದಲ್ಲಿ ಮೊಗ್ಗು ಬಿಡಿಸುವ ಕೆಲಸ, ಮಾರೆಮ್ಮನ ಮಗಳು ಪ್ರಿಯಾಳ ಅತ್ತೆ. ಮಾತು ಕಡಿಮೆ, ನೋಟ ಜಾಸ್ತಿ. ಸಾಲದ್ದಕ್ಕೆ ಸಾಕ್ಷರತೆ ಕ್ಲಾಸಿನಲ್ಲಿ ಅಕ್ಷರ ಕಲಿತವಳು. ದಾರಿಯಲ್ಲಿ ಕಂಡ ಬೋರ್ಡನ್ನೆಲ್ಲ ಒಂದೊಂದೇ ಅಕ್ಷರ ಹೆಕ್ಕಿ ಓದದೆ ಮುಂದಕ್ಕೆ ಹೆಜ್ಜೆ ಇಡುವವಳಲ್ಲ. ಮಾರೆಮ್ಮನಿಗೋ ಅಕ್ಷರವೆಂದರೆ ಇರುವೆ ಸಾಲು.

ಪ್ರಿಯಾ ಪಿಯುಸಿ ಪಾಸಾದವಳು. ನರ್ಸ್ ಟ್ರೈನಿಂಗಿಗೆ ಅರ್ಜಿ ಹಾಕಿದ್ದಳು. ಬಳ್ಳಾರಿಯಿಂದ ಪತ್ರ ಬಂದಿತ್ತು, ಸೋಮವಾರ ಹೋಗಿ ಸೇರಬೇಕು, ಒಂದೂವರೆ ವರ್ಷ ಹಾಸ್ಟೆಲ್ಲು. ಗಂಡ ಓಬಳೇಶ "ಅವ್ವ ಹೂಂ ಅಂದ್ರ ನಂದೂ ಹೂಂ" ಎಂದು ಕೈತೊಳೆದುಕೊಂಡಿದ್ದ. ಅವ್ವ ಮಾತ್ರ ಹೂಂ ಅನ್ನುತ್ತಿರಲಿಲ್ಲ. ಅವಳ ಹಿರಿ ಸೊಸೆ ಆರು ತಿಂಗಳು ಹೊಲಿಗೆ ಕಲಿತು ಬರುತ್ತೇನೆಂದು ಹೊಸಪೇಟೆಗೆ ಹೋದವಳು ಗಂಡನನ್ನೂ ಅಲ್ಲಿಗೇ ಕರೆಸಿಕೊಂಡು, ನಾಲ್ಕು ವರ್ಷವಾದರೂ ತಿರುಗಿ ನೋಡಿರಲಿಲ್ಲ. ಅದೇ ಮಾತು ಮಾತಾಡಲು ಎರಡು ದಿನ ಮುಂಚೆ ಹೊಸಹಳ್ಳಿಗೆ ಬಂದ ಹುಲಿಗೆಮ್ಮ, ಯರ್ರೆಪ್ಪನ ಬಸ್ಸು ಹೊರಟಿದೆ ಎಂದು ತಿಳಿದು ತಾನೂ ಹತ್ತಿದಳು.

ಬೆಳಿಗ್ಗೆ ಮೈದಾನದಲ್ಲಿ ಟ್ಯಾಂಕರಿನ ಹತ್ತಿರ ಮುಖ ತೊಳೆಯುತ್ತ ಅವಳು ವಿಷಯ ಎತ್ತಿದಳು.

"ಮಾರೆಮ್ಮಾ, ಪ್ರಿಯಾ ಓದು ಮುಗಿಸಿ ನಮ್ಮ ಮನಿಗೇ ವಾಪಸ್ ಬರ್ತೀನಿ ಅಂತಾಳ. ಆಕಿ ಮಾತು ನಂಬಬೇಕೋ ಬ್ಯಾಡೋ, ಅದನ್ನ ಇವತ್ತ ನಿಮ್ಮಿಂದ ತಿಳ್ಕೋಬೇಕು ಅಂತ ಬಂದೀನಿ."

"ನನ್ನಿಂದ ಹೆಂಗ್ರಿ ಅಕ್ಕಾರ?"

"ನೀವು ಊರಿಗೆಲ್ಲ ಹೇಳೀರಲ್ಲ, ಆ ಬೆಂಗಳೂರು ನಂಗೊಂದು ತೋರಸ್ರಿ. ಗಾಜಿನ ಮನಿ, ನೆಲದೊಳಗಿನ ಊರು, ವಿಧಾನಸೌಧ. ಸಂಜಿಗೆ ಬಸ್ ಹತ್ತೋದ್ರೊಳಗ ಹೂಂ ಇಲ್ಲಾ ಉಹೂಂ ಹೇಳಿಬಿಡ್ತೀನಿ."

ಮಾರೆಮ್ಮ ಲೆಕ್ಕ ಹಾಕಿದಳು. ತಾಯಿಯಂತೆ ಮಗಳು ನೂಲಿನಂತೆ ಸೀರೆ ಅಂತ ಲೋಕವೇ ಹೇಳುವಾಗ, ತಾಯಿ ಸುಳ್ಳಿ ಅಂತಾದರೆ ಮಗಳ ಮಾತಿಗೆ ಯಾವ ಬೆಲೆ? ತನ್ನ ಬಾಯಿ ಮಾಡಿದ ತಪ್ಪಿಗೆ ಮಗಳ ಓದು ನಿಲ್ಲಬೇಕೇ? ಊಹೂಂ, ಸಾಧ್ಯವಿಲ್ಲ. ಬೆಂಗಳೂರನ್ನೇ ಬಗ್ಗಿಸಿಯಾದರೂ ತಾನು ಹೇಳಿದ ಹಾಗೆ ಮಾಡಿ ತೋರಿಸಬೇಕು ಎಂದು ಅವಳು ಅಲ್ಲೇ ನಿರ್ಧಾರ ಮಾಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ರೊಟ್ಟಿ ಗಂಟು ಕಂಕುಳಲ್ಲಿ ಇರುಕಿ, "ಬರ್ರಿ, ತೋರಸ್ತೀನಿ" ಎಂದಳು.

ಗೇಟಿನಲ್ಲಿ ಯರ್ರೆಪ್ಪ ಅಡ್ಡ ಬಂದ. "ಏ ಮಾರೆಮ್ಮತ್ತಿ, ಎಲ್ಲಿಗೆ ಹೊಂಟ್ರಿ? ಭಾಷಣ ಶುರು ಆಗಾಕ ಬಂತು. ತಲಿ ಎಣಸಾಕ ಬರ್ತಾರ!"

"ಎರಡು ಕುರ್ಚಿ ಮ್ಯಾಲ ಟವೆಲ್ ಹಾಕಿ ತಲಿ ಅಂತ ಎಣಸ್ಕೋಳಪ್ಪ. ಮೂರು ಸಲ ಕೈ ನೋಯೋಮಟ ಚಪ್ಪಾಳಿ ಹೊಡದೀನಿ. ಇವತ್ತ ನಂಗ ಬ್ಯಾರೆ ಕೆಲ್ಸ ಐತಿ" ಎಂದು ಅವಳು ನಿಲ್ಲದೆ ನಡೆದಳು.

ಗೊತ್ತಿಲ್ಲದ ಊರನ್ನು ಗೊತ್ತಿದ್ದಂತೆ ತೋರಿಸುವುದು ಅಂದರೆ ಸಣ್ಣ ಕೆಲಸವಲ್ಲ. ಮಾರೆಮ್ಮ ಮೊದಲ ಬಸ್ ಸ್ಟಾಪಿನಲ್ಲಿ ಹೂ ಮಾರುವವಳನ್ನು ಕೇಳಿದಳು, ಬಸ್ಸಿನಲ್ಲಿ ಕಂಡಕ್ಟರನ್ನು ಕೇಳಿದಳು, ಇಳಿದ ಮೇಲೆ ಪೊಲೀಸನನ್ನು ಕೇಳಿದಳು. ಹುಲಿಗೆಮ್ಮ ಹುಬ್ಬು ಏರಿಸಿದಾಗ "ಇಲ್ಲಿ ಬಸ್ಸಿನ ನಂಬರು ತಿಂಗಳಿಗೊಮ್ಮೆ ಬದಲಾಗ್ತಾವ್ರಿ ಅಕ್ಕಾರ, ನಮ್ಮೂರಂಗಲ್ಲ" ಎಂದಳು.

ಮೆಜೆಸ್ಟಿಕ್ಕಿನಲ್ಲಿ ನೆಲದೊಳಗಿನ ದಾರಿ ಇದ್ದೇ ಇತ್ತು! ಮಾರೆಮ್ಮನಿಗೇ ಆಶ್ಚರ್ಯ. ಮೆಟ್ಟಿಲು ಇಳಿದರೆ ಬಾಚಣಿಗೆ, ಬ್ಯಾಟರಿ, ಬನಿಯನ್ನು ಮಾರುವವರ ಗದ್ದಲ, ತಲೆ ಮೇಲೆ ಬಸ್ಸುಗಳ ಗುಡುಗು. "ನೋಡಿದ್ರ್ಯಾ? ಹೇಳಿರಲಿಲ್ಲೇನು?" ಎಂದು ಎದೆ ಉಬ್ಬಿಸಿದಳು. ಆದರೆ ಹೊರಬರುವಾಗ ಎಡವಟ್ಟಾಯಿತು. ಸುರಂಗದ ಒಂದು ಬಾಯಿಂದ ಹತ್ತಿ ಬಂದರೆ ರೈಲ್ವೆ ಸ್ಟೇಷನ್ನು, ಇನ್ನೊಂದರಿಂದ ಬಂದರೆ ಹೊರಟ ಜಾಗವೇ. ಮೂರನೇ ಸಲ ಅದೇ ಬಾಚಣಿಗೆಯವನು ಎದುರಾಗಿ "ಏನಕ್ಕಾ, ವಾಕಿಂಗಾ?" ಎಂದ. ಮಾರೆಮ್ಮ ಹಣೆಯ ಬೆವರು ಒರೆಸಿಕೊಂಡು, "ಎಲ್ಲಾ ಬಾಯಿನೂ ತೋರಸ್ಬೇಕಂತ ಮಾಡೀನಿ. ಅಷ್ಟು ದೂರದಿಂದ ಬಂದು ಒಂದೇ ಬಾಯಿ ನೋಡಿದ್ರ ಏನು ಬಂತು?" ಎಂದಳು. ಹುಲಿಗೆಮ್ಮನ ಮುಖ ಯಾಕೋ ಸ್ವಲ್ಪ ಇಳಿದಂತೆ ಕಂಡಿತು.

ಸುಸ್ತಾಗಿರಬೇಕು ಎಂದುಕೊಂಡಳು ಮಾರೆಮ್ಮ.

ಲಾಲ್‌ಬಾಗಿನಲ್ಲಿ ಕಂಟಕವೇ ಕಾದಿತ್ತು. ಗಾಜಿನ ಮನೆಯೇನೋ ಇತ್ತು, ಚೆಂದವಾಗಿಯೂ ಇತ್ತು, ಆದರೆ ಒಳಗೆ ಬಟಾಬಯಲು. ಹಾವಿರಲಿ, ಒಂದು ಹಲ್ಲಿಯೂ ಇಲ್ಲ. ಹುಲಿಗೆಮ್ಮ ಅತ್ತ ಯಾವುದೋ ಮರಕ್ಕೆ ಹೊಡೆದ ಬೋರ್ಡು ಓದುತ್ತ ನಿಂತಿದ್ದಳು. ಅಷ್ಟೇ ಸಮಯ. ಮಾರೆಮ್ಮ ಸರಸರ ಹೋಗಿ ಕಾವಲಿನವನ ಕೈ ಹಿಡಿದಳು.

"ಯಪ್ಪಾ, ನಿನ್ನ ಹೊಟ್ಟಿ ತಣ್ಣಗಿರ್ಲಿ, ಇದರೊಳಗ ಯಾವಾಗರ ಹಾವು, ನವಿಲು ಇಟ್ಟಿದ್ರೇನು?"

"ಹಾವಾ? ಹೂವಿನ ಶೋ ಮಾಡ್ತಾರೆ ಕಣಮ್ಮ. ಆಗಸ್ಟ್‌ನಲ್ಲಿ, ಜನವರಿನಲ್ಲಿ."

"ಆ ಅಕ್ಕ ಬಂದು ಕೇಳಿದ್ರ, ಹಾವೂ ಇಡ್ತೀವಿ ಅಂದುಬಿಡಪ್ಪ. ನನ್ನ ಮಗಳ ಬಾಳೇವು ನಿನ್ನ ಬಾಯಾಗೈತಿ!"

ಪಾಪ, ಆ ಮನುಷ್ಯ ಎಷ್ಟು ಜನರನ್ನು ನೋಡಿದ್ದನೋ, ಇಂಥ ಕೋರಿಕೆಯನ್ನು ಕಂಡಿರಲಿಕ್ಕಿಲ್ಲ. ಹುಲಿಗೆಮ್ಮ ಬಂದು "ಹಾವು ಎಲ್ಲದಾವು?" ಎಂದಾಗ ಅವನು ಮಾರೆಮ್ಮನ ಕಣ್ಣು ನೋಡಿದ, ಕೆಮ್ಮಿದ, "ಜನವರಿನಲ್ಲಿ ತರ್ತೀವಮ್ಮ. ದೊಡ್ಡ ದೊಡ್ಡವು. ಇಷ್ಟಿಷ್ಟುದ್ದ" ಎಂದು ಎರಡೂ ಕೈ ಅಗಲಿಸಿದ.

ಗೆದ್ದೆ ಎಂದುಕೊಂಡು ಮಾರೆಮ್ಮ ಬೀಗತಿಯ ಮುಖ ನೋಡಿದಳು. ಆ ಮುಖ ಕಪ್ಪಿಟ್ಟಿತ್ತು.

ಇದೊಳ್ಳೆ ಕಥೆಯಾಯಿತಲ್ಲ! ಹೇಳಿದ್ದೆಲ್ಲ ಒಂದೊಂದಾಗಿ ಖರೆ ಆಗುತ್ತಿದ್ದರೆ ಮುಖ ಅರಳಬೇಕು, ಇದು ಬಾಡುತ್ತಿದೆ. ಬಹುಶಃ ಇನ್ನೂ ನಂಬಿಕೆ ಹುಟ್ಟಿಲ್ಲ, ಇನ್ನಷ್ಟು ಗಟ್ಟಿಯಾಗಿ ತೋರಿಸಬೇಕು ಎಂದು ಮಾರೆಮ್ಮ ಪಟ್ಟು ಬಿಗಿ ಮಾಡಿದಳು.

ಬಂಡೆಯ ಮೇಲೆ ನೆರಳು ಹುಡುಕಿ ಕೂತು ರೊಟ್ಟಿ ಬಿಚ್ಚಿದರು. ಶೇಂಗಾ ಚಟ್ನಿ, ಒಣ ಮೆಣಸಿನಕಾಯಿ, ಹುಲಿಗೆಮ್ಮ ತಂದ ಮೊಸರನ್ನದ ಡಬ್ಬಿ. ಕೆಳಗೆ ಊರಿಗೆ ಊರೇ ಓಡುತ್ತಿತ್ತು, ಇವರಿಗೆ ಓಡುವ ಅವಸರವಿರಲಿಲ್ಲ. ಕಾಲು ಚಾಚಿ ಕೂತರು. ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು ತಂದು ಚೀಪಿದರು. ಒಂದು ಜೋಡಿ ಹುಡುಗ ಹುಡುಗಿ ಕೈ ಕೈ ಹಿಡಿದು ಹೋದದ್ದನ್ನು ನೋಡಿ ಇಬ್ಬರೂ ಬಾಯಿಗೆ ಸೆರಗು ಇಟ್ಟು ನಕ್ಕರು.

"ಈ ಬಂಡೆಗಲ್ಲಿಗಿಂತ ನಿಮ್ಮ ಕೂಡ್ಲಿಗಿ ಕಡಿ ಬಂಡೆಗಲ್ಲು ದೊಡ್ಡವು" ಎಂದಳು ಹುಲಿಗೆಮ್ಮ. ಡಬ್ಬಿ ಒರೆಸುತ್ತ, ಯಾರಿಗೋ ಹೇಳುವಂತೆ, "ನಂಗ ಒತ್ತಕ್ಷರ ಕಲಿಸಿದಾಕಿ ಪ್ರಿಯಾನ. ಕ್ಲಾಸಿನಾಗ ಅದು ಬಂದಿದ್ದಿಲ್ಲ. ರೊಟ್ಟಿ ಹಂಚಿನ ಮುಂದ ಕುಂತು, ಬೂದಿಯೊಳಗ ಬೆರಳಿಲೆ ಬರದು ಕಲಿಸ್ಯಾಳ" ಎಂದಳು.

"ಹೌದೇನ್ರಿ? ನಂಗ ಹೇಳಿಲ್ಲ."

"ಆಕಿ ತನ್ನ ಬಗ್ಗೆ ಹೇಳ್ಕೊಳ್ಳಾಕಿ ಅಲ್ಲ" ಎಂದು ಹುಲಿಗೆಮ್ಮ ಡಬ್ಬಿ ಮುಚ್ಚಿದಳು. "ಹಿರಿಯಾಕಿ ಹೋದಾಗ ನಂಗ ಸಿಟ್ಟು ಬಂತು ಅಷ್ಟ. ಈಕಿ ಮಾತು ಸುಳ್ಳಾದ್ರ ತಡಕೊಳ್ಳಾಕ ಆಗಂಗಿಲ್ಲ. ನಡೀರಿ, ವಿಧಾನಸೌಧ ಒಂದು ಉಳದೈತಿ."

ಮಾರೆಮ್ಮನಿಗೆ ಮೊದಲ ಸಲ ಮೈ ಹಗುರಾಯಿತು. ಉಳಿದದ್ದು ಖರೆ ಮಾತು. ಇಲ್ಲಿ ಯಾರ ಕೈಕಾಲು ಹಿಡಿಯುವ ಪ್ರಮೇಯವಿಲ್ಲ. ಮತ್ತೊಂದು ಬಸ್ಸು ಹತ್ತಿ, ಕಂಡಕ್ಟರು ಹೇಳಿದ ಕಡೆ ಇಳಿದು, ಕಬ್ಬನ್ ಪಾರ್ಕಿನ ಮರಗಳ ನಡುವೆ ನಡೆದರು. ಬಿದಿರು ಮೆಳೆ, ಕಲ್ಲು ಬೆಂಚು, ಮಧ್ಯಾಹ್ನದ ನಿದ್ದೆ ಹೊಡೆಯುವ ಗಂಡಸರು. ಕೊಂಬೆಗಳ ಸಂದಿಯಲ್ಲಿ ಕೆಂಪು ಬಣ್ಣ ಕಾಣುತ್ತಲೇ ಮಾರೆಮ್ಮ ಬೀಗತಿಯ ತೋಳು ಹಿಡಿದು ಜಗ್ಗಿದಳು.

"ನೋಡ್ರಿ! ನಾ ಹೇಳಿರಲಿಲ್ಲೇನು? ಕೆಂಪಗ, ಮೆಣಸಿನಕಾಯಿ ರಾಶಿಯಂಗ! ಆ ಕರಿ ಕೋಟು ಹಾಕ್ಕೊಂಡು ತಿರುಗ್ಯಾಡ್ತಾರಲ್ಲ, ಎಲ್ಲಾ ಎಮ್ಮೆಲ್ಲೆಗಳು!"

ಹುಲಿಗೆಮ್ಮ ಕಟ್ಟಡ ನೋಡಿದಳು, ಕರಿ ಕೋಟಿನವರನ್ನೂ ನೋಡಿದಳು. ಕಾಂಪೌಂಡಿನ ಪಕ್ಕಕ್ಕೆ ನಡೆಯುತ್ತ, ಸುತ್ತು ಹಾಕಿ, ಆಚೆ ದೊಡ್ಡ ರಸ್ತೆಗೆ ಬಂದು ಗೇಟಿನ ಬೋರ್ಡಿನ ಎದುರು ನಿಂತಳು. ಬೆರಳು ಗಾಳಿಯಲ್ಲಿ ಅಕ್ಷರಗಳ ಮೇಲೆ ಸರಿಯಿತು.

"ಕ... ರ್ನಾ... ಟ... ಕ. ಉ... ಚ್ಚ. ನ್ಯಾ... ಯಾ... ಲ... ಯ." ತಿರುಗಿ ಕೇಳಿದಳು. "ನ್ಯಾಯಾಲಯ ಅಂದ್ರ ಕೋರ್ಟಲ್ಲೇನ್ರಿ, ಮಾರೆಮ್ಮಾ?"

ಮಾರೆಮ್ಮ ಆ ಇರುವೆ ಸಾಲನ್ನೇ ನೋಡಿದಳು. ಬೇರೆಲ್ಲ ಸುಳ್ಳಿಗೂ ಒಂದೊಂದು ದಾರಿ ಹುಡುಕಿದ್ದಳು. ಈ ಖರೆಯೇ ಕೈಕೊಡುತ್ತದೆ ಅಂತ ಯಾರಿಗೆ ಗೊತ್ತಿತ್ತು? ಹುಲಿಗೆಮ್ಮ ರಸ್ತೆಯ ಆಚೆಗೆ ಗದ್ದ ಎತ್ತಿ ತೋರಿಸಿದಳು. "ಮತ್ತ ಅದು ಏನು?"

ಮಾರೆಮ್ಮ ತಿರುಗಿದಳು. ರಸ್ತೆಯ ಆ ಕಡೆ, ಬೂದು ಬಿಳುಪಿನ ಕಲ್ಲಿನ ಅಷ್ಟು ದೊಡ್ಡ ಕಟ್ಟಡ ಬಿಸಿಲಿನಲ್ಲಿ ಕೂತಿತ್ತು. ಮೆಟ್ಟಿಲೆಂದರೆ ಮೆಟ್ಟಿಲು, ಕಂಬವೆಂದರೆ ಕಂಬ, ಮೇಲೆ ಗುಮ್ಮಟ, ಅದರ ಮೇಲೆ ಸಿಂಹ. ಕೇಳುವ ಅಗತ್ಯವೇ ಇರಲಿಲ್ಲ. ಆವತ್ತು ಬಸ್ಸಿನಲ್ಲಿ ಮುಂದೆ ಕೂತವನು ಕೂಗಿದ್ದು ಆ ಕಡೆಯ ಕಿಟಕಿ ನೋಡಿ. ಇವಳು ಈ ಕಡೆಯ ಕಿಟಕಿಯಲ್ಲಿ ಕತ್ತು ಚಾಚಿದ್ದಳು. ಕೈಗೆಟುಕುವ ದೂರದಲ್ಲಿದ್ದದ್ದನ್ನು ಬೆನ್ನು ಮಾಡಿ ಕೂತು ಕಳಕೊಂಡಿದ್ದಳು! ಅವಳಿಗೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಬಾಯಲ್ಲಿ ಒಂದು ಸುಳ್ಳು ಸಿದ್ಧವಾಗೇ ಇತ್ತು. ಮೊದಲು ಇದೇ ವಿಧಾನಸೌಧ ಆಗಿತ್ತು, ಈಗ ಕೋರ್ಟಿಗೆ ಕೊಟ್ಟು ಅವರು ಆ ಕಡೆ ಹೋಗಿದ್ದಾರೆ ಎಂದರೆ ಮುಗಿಯಿತು. ಹುಲಿಗೆಮ್ಮ ನಂಬಿದರೂ ನಂಬಬಹುದು. ತುಟಿಯವರೆಗೂ ಬಂತು. ಆದರೆ ಇಷ್ಟು ದೊಡ್ಡದು ಎದುರಿಗೆ ನಿಂತಿರುವಾಗ ಅವಳ ಬಾಯಿಗೆ ಕಥೆ ಕಟ್ಟುವ ಮನಸ್ಸೇ ಆಗಲಿಲ್ಲ. ಇವತ್ತು ಹೇಗೋ ನಂಬಿಸಿದರೂ, ನಾಳೆ ಇನ್ಯಾರೋ ಬಂದು ಇವಳಿಗೆ ಹೇಳುತ್ತಾರೆ, ಅಷ್ಟೊತ್ತಿಗೆ ಪ್ರಿಯಾ ಬಳ್ಳಾರಿಯಲ್ಲಿ ಅರ್ಧ ಓದಿರುತ್ತಾಳೆ. ಆಗ? ಬೇಡ. ಏಟು ಬೀಳುವುದಾದರೆ ನನಗೊಬ್ಬಳಿಗೇ ಈಗಲೇ ಬೀಳಲಿ.

"ಅಕ್ಕಾರ, ನಾನು ಬೆಂಗಳೂರು ನೋಡಿಲ್ಲ" ಎಂದಳು. "ಮೂರು ಸಲ ಬಂದೀನಿ, ಮೈದಾನ ಬಿಟ್ಟು ಹೊರಗ ಕಾಲಿಟ್ಟಿಲ್ಲ. ಹಾವು ಸುಳ್ಳು, ನವಿಲು ಸುಳ್ಳು, ಆ ಕಾವಲಿನವ ಹೇಳಿದ್ದೂ ನಾ ಹೇಳಿಕೊಟ್ಟಿದ್ದು. ನೆಲದೊಳಗ ದಾರಿ ತಪ್ಪಿ ತಿರುಗಿದ್ವಿ, ಬಾಯಿ ತೋರಸಾಕ ಅಲ್ಲ. ಇದೊಂದು ಖರೆ ಅಂತ ಮಾಡಿದ್ದೆ. ಇದೂ ಹಿಂಗಾತು."

"ಯಾಕ ಹೇಳಿದ್ರಿ ಮತ್ತ?"

"ಬೆಂಗಳೂರಿಗೆ ಹೋಗಿ ಟ್ಯಾಂಕರ್ ನೀರು ಕುಡುದು ಬಂದೆ ಅಂತ ಹೆಂಗ ಹೇಳ್ಲಿ? ಎಂಟು ಮಂದಿ ಬಾಯಿ ಬಿಟ್ಕೊಂಡು ಕುಂತಿದ್ರು. ಅವ್ರೂ ನೋಡಿಲ್ಲ, ನಾನೂ ನೋಡಿಲ್ಲ. ಯಾರರ ಒಬ್ರು ನೋಡಿರ್ಲಿ ಅಂತ ಅನಸ್ತು." ಮಾರೆಮ್ಮ ಅಲ್ಲಿಗೇ ನಿಲ್ಲಿಸಲಿಲ್ಲ. "ಸುಳ್ಳಿ ನಾನು. ಕಾಲಾಗಿಂದು ಕೈಗೆ ತಗೋರಿ, ಸೈ ಅಂತೀನಿ. ಆದ್ರ ನ್ಯಾಯ ಕಾಣ್ರಿ ಅಕ್ಕಾರ, ಈ ಬಾಯಿ ನಂದು. ನನ್ನ ಮಗಳು ಇಂಥ ಬಾಯಿ ತಗೊಂಡು ಹುಟ್ಟಿಲ್ಲ. ಆಕಿ ಬರ್ತೀನಿ ಅಂದ್ರ ಬರ್ತಾಳ. ಆಕಿನ್ನ ಕಳಸ್ರಿ."

ಹುಲಿಗೆಮ್ಮ ಫುಟ್‌ಪಾತಿನ ಅಂಚಿಗೆ ಹೋಗಿ ಧೊಪ್ಪನೆ ಕೂತಳು. ಎರಡೂ ಕೈಯಲ್ಲಿ ಮುಖ ಒರೆಸಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮಾರೆಮ್ಮನಿಗೆ ತಿಳಿಯಲಿಲ್ಲ.

"ಎಷ್ಟೊತ್ತು ಮಾಡಿದೆವ್ವಾ ಇದನ್ನ ಹೇಳಾಕ!" ಎಂದಳು ಹುಲಿಗೆಮ್ಮ. ರೀ ಅನ್ನುವುದು ಎಲ್ಲೋ ಜಾರಿಹೋಗಿತ್ತು. "ಬಾ, ಕುಂದ್ರು. ಹಡಗಲಿಯಿಂದ ಹೊರಡೋ ಮುಂದ ನಾ ಪ್ರಿಯಾನ ಕೇಳಿದೆ, ನಿಮ್ಮವ್ವ ಬೆಂಗಳೂರು ಬೆಂಗಳೂರು ಅಂತಾಳಲ್ಲ, ಅದೆಲ್ಲ ಖರೆ ಏನಂತ. ಹೂಂ ಅಂದಿದ್ರ ಆಕಿಗೆ ಸಲೀಸು ಇತ್ತು. ತಾಯಿ ಮಾನ ಉಳೀತಿತ್ತು, ನಾನೂ ಸುಮ್ಕಾಗ್ತಿದ್ದೆ. ಆಕಿ ಅಷ್ಟೊತ್ತು ತಲಿ ತಗ್ಗಿಸಿ ನಿಂತು, ಇಲ್ಲ ಅತ್ತಿ, ನಮ್ಮವ್ವ ಏನೂ ನೋಡಿಲ್ಲ, ನಿಮ್ಮ ಮುಂದ ಸುಳ್ಳು ಹೇಳಾಕ ಆಗಂಗಿಲ್ಲ ಅಂದ್ಲು. ಅಂದು, ಇದನ್ನ ನಮ್ಮವ್ವನ ಮುಂದ ಆಡಬ್ಯಾಡ್ರಿ, ನಾಚಿಕಿಪಡ್ತಾಳ ಅಂತ ಅತ್ಲು."

ಮಾರೆಮ್ಮ ಮೆಲ್ಲಗೆ ಅವಳ ಪಕ್ಕ ಕೂತಳು.

"ಮುಂಜಾನಿಂದ ನೀನು ಒಂದೊಂದ ತೋರಿಸ್ಕೋಂತ ಹೊಂಟಿ. ನೆಲದೊಳಗಿನ ಊರು ಐತಿ. ಗಾಜಿನ ಮನಿ ಐತಿ. ಹಾವು ತರ್ತೀವಿ ಅಂತ ಆ ಮನಷ್ಯಾನೂ ಹೇಳ್ತಾನ! ನೀನು ಖರೆ ಆದಂಗೆಲ್ಲ ಆಕಿ ಸುಳ್ಳಿ ಆಗ್ತಾ ಹೋದ್ಲು. ಹೆತ್ತ ತಾಯಿ ಬಗ್ಗೆ ಸುಳ್ಳು ಹೇಳಿದಾಕಿ ನನ್ನ ಬಿಟ್ಟು ಹೋಗಾಕ ಎಷ್ಟೊತ್ತು ಅಂತ ಆ ಬಂಡೆಗಲ್ಲಿನ ಮ್ಯಾಲ ಕುಂತಾಗ ಕಳಸಬಾರ್ದು ಅಂತ ಮಾಡಿಬಿಟ್ಟಿದ್ದೆ."

ಇಡೀ ದಿನ ತಾನು ಕಟ್ಟಿದ್ದೆಲ್ಲ ಮಗಳ ದಾರಿಗೇ ಅಡ್ಡಗೋಡೆ ಎಂಬುದು ಮಾರೆಮ್ಮನಿಗೆ ಆಗ ತಿಳಿಯಿತು. ಆ ಕಾವಲಿನವನ ಕೈ ಹಿಡಿದದ್ದು ನೆನೆದು ಹಣೆ ಬಡಿದುಕೊಂಡಳು. ಅದರ ಬೆನ್ನಿಗೇ ಇನ್ನೊಂದು ನೋವು ಚುಚ್ಚಿತು. ಹೆತ್ತ ಮಗಳು ತನ್ನನ್ನು ಸುಳ್ಳಿ ಅಂತ ಬೀಗತಿಯ ಮುಂದೆ ಹೇಳಿದಳಲ್ಲ! ಇಷ್ಟು ದಿನ ಗೊತ್ತಿದ್ದೂ ನಗುತ್ತ ಕೇಳಿದ್ದಳಲ್ಲ! ಒಂದು ಗಳಿಗೆ ಆ ನೋವನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಸೋಮವಾರ ನಾನ ಆಕಿನ್ನ ಬಳ್ಳಾರಿಗೆ ಕರ್ಕೊಂಡು ಹೋಗ್ತೀನಿ. ಟ್ರಂಕು ನಮ್ಮ ಮನ್ಯಾಗ ಐತಿ, ನೀನು ಹೊದಿಯಾಕ ಒಂದು ಕೌದಿ ಕೊಡು" ಎಂದಳು ಹುಲಿಗೆಮ್ಮ.

ಆಗ ಮಾರೆಮ್ಮನಿಗೆ ಅಳು ಬಂತು. ಸೆರಗು ಮುಚ್ಚಿ ಅಳುವ ಅಳುವಲ್ಲ, ಬಾಯಿ ಬಿಟ್ಟು ಬಂದ ಅಳು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ರಸ್ತೆ ದಾಟಿಸುತ್ತಿದ್ದ ಪೊಲೀಸಿನವನು ಲಾಠಿ ಕಂಕುಳಿಗೆ ಸಿಕ್ಕಿಸಿ ಹತ್ತಿರ ಬಂದು, "ಏನಮ್ಮಾ, ಏನಾಯ್ತು? ಏನಾದ್ರೂ ಕಳಕೊಂಡ್ರಾ?" ಎಂದು ಕೇಳಿದ.

"ಇಲ್ರೀ ಸಾಹೇಬ್ರ" ಎಂದಳು ಮಾರೆಮ್ಮ, ಕಣ್ಣೊರೆಸಿಕೊಂಡು. "ನನ್ನ ಮಗಳು ಖರೆ ಹೇಳ್ಯಾಳ್ರಿ."